ಏಳನೆಯ ಕಂಡಿಕೆ

ಬರೆದದ್ದನ್ನು ಓದಿ ಹೇಳದೆ ಯಾರಿಂದಲೂ ಸಹಿ ಪಡೆಯಬಾರದು ಎಂಬುದು ಒಕ್ಕಣೆಯವರು ನಲವತ್ತೊಂದು ವರ್ಷ ತಪ್ಪದೆ ನಡೆಸಿಕೊಂಡು ಬಂದ ವ್ರತ. ಕುಟುಂಬ ನ್ಯಾಯಾಲಯದ ಹೊರಗೋಡೆಯ ಪಕ್ಕದಲ್ಲಿ, ತಗಡಿನ ಸೂರಿನ ಕೆಳಗೆ, ಅರ್ಜಿ ಬರೆಯುವವರು ಸಾಲಾಗಿ ಕೂರುತ್ತಿದ್ದ ಬೆಂಚುಗಳಲ್ಲಿ ಅವರದು ಮೂರನೆಯದು. ಅಕ್ಷರ ಬಲ್ಲವರಿಗೂ ಬಾರದವರಿಗೂ ಒಂದೇ ತೆರನಾಗಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಗಂಭೀರ ಸ್ವರದಲ್ಲಿ ಓದುತ್ತಿದ್ದರು. ಕೇಳುವವರು ಅತ್ತರೂ ಓದು ನಿಲ್ಲುತ್ತಿರಲಿಲ್ಲ, ಆಕಳಿಸಿದರೂ ನಿಲ್ಲುತ್ತಿರಲಿಲ್ಲ. ಅವರ ವಾಕ್ಯಗಳ ಗತ್ತಿಗೆ ಮನಸೋತು ವಕೀಲರಿಂದ ಹಿಡಿದು ಚಹಾದವನವರೆಗೆ ಎಲ್ಲರೂ ಅವರನ್ನು ಒಕ್ಕಣೆಯವರೆಂದೇ ಕರೆಯುತ್ತಿದ್ದರು.

ಆ ಗುರುವಾರ ಮಧ್ಯಾಹ್ನ ಅವರು ಓದುತ್ತಿದ್ದದ್ದು ಮಾತ್ರ ಬೆಂಚಿನಲ್ಲಿ ಅಲ್ಲ, ತಮ್ಮ ಮನೆಯ ಊಟದ ಮೇಜಿನಲ್ಲಿ. ಎದುರಿಗೆ ಕುಳಿತ ಅರ್ಜಿದಾರಳು ಅವರ ಒಬ್ಬಳೇ ಮಗಳು.

ಮಗಳು ಆಸ್ಪತ್ರೆಯ ರಕ್ತಪರೀಕ್ಷೆಯ ಕೊಠಡಿಯಲ್ಲಿ ಕೆಲಸಕ್ಕಿದ್ದಳು. ಬೆಳಗಿನ ಪಾಳಿಯಲ್ಲಿ ಎಪ್ಪತ್ತು ಜನರ ತೋಳಿಗೆ ಸೂಜಿ ಚುಚ್ಚಿ, ಬಸ್ಸಿನಲ್ಲಿ ನಿಂತೇ ಬಂದು, ಅನ್ನ ಬೇಳೆ ಉಂಡು ಕುಳಿತವಳಿಗೆ ಕಣ್ಣು ಎಳೆಯುತ್ತಿತ್ತು.

"ಅಪ್ಪ, ನೀವು ಬರೆದದ್ದಲ್ವಾ? ಎಲ್ಲೆಲ್ಲಿ ಸಹಿ ಅಂತ ತೋರಿಸಿ. ಹಾಕಿ ಮಲಗ್ತೀನಿ."

"ಓದದೆ ಸಹಿ ಹಾಕಿಸ್ಕೊಂಡೋನಲ್ಲ ನಾನು. ಮಗಳಾದ್ರೇನು, ಮಹಾರಾಣಿಯಾದ್ರೇನು. ಕೂತ್ಕೋ."

ಅವರು ಓದತೊಡಗಿದರು. ಎರಡನೆಯ ಕಂಡಿಕೆಯ ಹೊತ್ತಿಗೆ ಅವಳ ಗಲ್ಲ ಅಂಗೈಗೆ ಇಳಿಯಿತು. ನಾಲ್ಕನೆಯದಕ್ಕೆ ತಲೆ ಮೇಜಿಗೆ ಇಳಿಯಿತು. ಒಕ್ಕಣೆಯವರು ತಮ್ಮ ಪಾಡಿಗೆ ಓದುತ್ತಲೇ ಹೋದರು. ವ್ರತವಿದ್ದದ್ದು ಓದುವುದಕ್ಕೆ, ಕೇಳುವವರು ಎಚ್ಚರವಾಗಿರಬೇಕೆಂಬುದು ಅದರಲ್ಲಿ ಸೇರಿರಲಿಲ್ಲ. ಅಡುಗೆಮನೆಯಲ್ಲಿ ಅವರ ಹೆಂಡತಿ ಪಾತ್ರೆ ತೊಳೆಯುತ್ತಿದ್ದರು. ಮೇಜಿನ ಇನ್ನೊಂದು ತುದಿಯಲ್ಲಿ ಆರೂವರೆ ವರ್ಷದ ಮೊಮ್ಮಗಳು, ಮನೆಮಂದಿಯೆಲ್ಲರ 'ಮರಿ', ಒಂದು ಮೀನಿಗೆ ಬಣ್ಣ ಹಚ್ಚುತ್ತಿದ್ದಳು.

"ಏಳು. ಪ್ರತಿವಾದಿಯು ಮದ್ಯಪಾನದ ಅಮಲಿನಲ್ಲಿ ಸೊಂಟದ ಬೆಲ್ಟನ್ನು ಕಳಚಿ, ಏನೂ ಅರಿಯದ ಕೂಸಿನ ಎಡಗಾಲಿನ ಮೇಲೆ ಬಾಸುಂಡೆ ಏಳುವಂತೆ ಥಳಿಸಿ, ಅಡ್ಡ ಬಂದ ಅರ್ಜಿದಾರಳನ್ನು ಉಟ್ಟ ಬಟ್ಟೆಯಲ್ಲೇ ಮನೆಯಿಂದ ಹೊರಗೆ ಹಾಕಿರುತ್ತಾನೆ."

ಬಣ್ಣದ ಕಡ್ಡಿ ನಿಂತಿತು. ಒಕ್ಕಣೆಯವರು ಅದನ್ನು ಗಮನಿಸಲಿಲ್ಲ. ಎಂಟಕ್ಕೆ ಹೋದರು, ಒಂಬತ್ತಕ್ಕೆ ಹೋದರು, ದಂಪತಿಗಳು ಇನ್ನು ಮುಂದೆ ಬೇರೆ ಬೇರೆ ಮನೆಗಳಲ್ಲಿ ವಾಸಿಸತಕ್ಕದ್ದೆಂಬ ಪ್ರಾರ್ಥನೆಗೆ ತಲುಪಿ ಕನ್ನಡಕ ತೆಗೆದರು. ಮಗಳ ಭುಜ ತಟ್ಟಿ ಎಬ್ಬಿಸಿದರು. ಅವಳು ಐದು ಕಡೆ ಸಹಿ ಹಾಕಿ ಹೋಗಿ ಮಲಗಿದಳು.

ಗಂಡಹೆಂಡಿರ ನಡುವೆ ನಡೆದದ್ದು ಇಷ್ಟೇ. ಅಳಿಯ ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವವನು, ಮಿತಭಾಷಿ. ಮದುವೆಯಾದ ಹೊಸತರಲ್ಲಿ ಆ ಮೌನ ಮಗಳಿಗೆ ಗಾಂಭೀರ್ಯವಾಗಿ ಕಂಡಿತ್ತು, ಬರಬರುತ್ತ ಗೋಡೆಯಾಗಿ ಕಂಡಿತು. ಎರಡು ವರ್ಷದಿಂದ ಆ ಮನೆಯಲ್ಲಿ ಮಾತಾಡುತ್ತಿದ್ದದ್ದು ಮರಿ ಒಬ್ಬಳೇ. 'ಅಪ್ಪನಿಗೆ ಊಟಕ್ಕೆ ಬರೋಕೆ ಹೇಳು', 'ಅಮ್ಮನಿಗೆ ನಾಳೆ ಬೇಗ ಹೋಗ್ತೀನಿ ಅಂತ ಹೇಳು' ಎಂಬ ಸುದ್ದಿಗಳನ್ನು ಅವಳು ಒಂದಕ್ಷರ ಬಿಡದೆ ಕೋಣೆಯಿಂದ ಕೋಣೆಗೆ ಹೊರುತ್ತಿದ್ದಳು. ಒಂದು ದಿನ ಆ ಇಬ್ಬರೂ ಕೂತು, ಎರಡು ವರ್ಷದಲ್ಲೇ ಮೊದಲ ಸಲ ಒಂದು ತಾಸು ಮಾತಾಡಿ, ಬೇರೆಯಾಗೋಣವೆಂದು ನಿಶ್ಚಯಿಸಿದರು. ಮರಿ ತಾಯಿಯ ಬಳಿ, ಅವಳ ತವರಿನಲ್ಲಿ ಇರುವುದು, ಶನಿವಾರ ಬೆಳಿಗ್ಗೆ ತಂದೆ ಬಂದು ಕರೆದೊಯ್ದು ಭಾನುವಾರ ಸಂಜೆ ತಂದುಬಿಡುವುದು. ಉಚಿತ ಕಾನೂನು ನೆರವಿನ ವಕೀಲೆ ಇಬ್ಬರ ಸಹಿಯ ಜಂಟಿ ಅರ್ಜಿ ಹಾಕಿ ಎಂದಿದ್ದಳು.

ಒಕ್ಕಣೆಯವರು ಅದಕ್ಕೆ ಒಪ್ಪಿರಲಿಲ್ಲ. ಜಂಟಿ ಅರ್ಜಿ ಹಾಕಿ, ಕಾಯುವ ತಿಂಗಳುಗಳಲ್ಲಿ ಗಂಡ ಮನಸ್ಸು ಬದಲಿಸಿ, ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ತಮ್ಮ ಬೆಂಚಿಗೆ ಮರಳಿದ ಹೆಂಗಸರನ್ನು ಅವರು ಬೇಕಾದಷ್ಟು ಕಂಡಿದ್ದರು. ತಮ್ಮ ಮಗಳ ಅರ್ಜಿ ಯಾರೂ ಅಲುಗಿಸಲಾಗದಂತಿರಬೇಕು. ಅವರ ಬಳಿ ನೀಲಿ ರಟ್ಟಿನ ಒಂದು ಪುಸ್ತಕವಿತ್ತು. ನಾಲ್ಕು ದಶಕಗಳಲ್ಲಿ ತಿದ್ದಿ ತೀಡಿ, ಇನ್ನೊಂದು ಅಕ್ಷರ ಸೇರಿಸಲೂ ಕಳೆಯಲೂ ಎಡೆಯಿಲ್ಲದಂತೆ ಮಾಡಿದ ಮೂವತ್ತು ಕಂಡಿಕೆಗಳು ಅದರಲ್ಲಿದ್ದವು. ಮಗಳಿಗಾಗಿ ಅವರು ಅದರಲ್ಲಿ ಅತ್ಯುತ್ತಮವಾದವುಗಳನ್ನೇ ಆರಿಸಿದ್ದರು.

ಸಂಜೆ ಹೆಂಡತಿ ಶಾಲೆಯ ಸಮವಸ್ತ್ರಗಳಿಗೆ ಅಂಚು ಮಡಿಸಿ ಹೊಲಿಯುತ್ತ ಕೇಳಿದರು. ಒಂದು ಅಂಗಡಿಗೆ ಅವರು ಹೊಲಿದುಕೊಡುತ್ತಿದ್ದರು.

"ಏನ್ರೀ, ಅಳಿಯ ಮರಿಗೆ ಹೊಡೆದದ್ದು ಯಾವಾಗ?"

"ಹೊಡೆದ ಅಂತ ಯಾರಂದ್ರು?"

"ನೀವೇ. ಮಧ್ಯಾಹ್ನ ಬೆಲ್ಟು, ಬಾಸುಂಡೆ ಅಂತ ಹಾಡಿದ್ರಲ್ಲ. ನಲ್ಲಿ ನೀರಿನ ಸದ್ದಲ್ಲೂ ಕೇಳಿಸ್ತು."

"ಅದು ಅಂದದ್ದಲ್ಲ, ಓದಿದ್ದು. ಏಳನೇ ಕಂಡಿಕೆ. ಅದಿಲ್ದೆ ಅರ್ಜಿಗೆ ಬೆನ್ನೆಲುಬೇ ಇರಲ್ಲ."

"ಆ ಮನುಷ್ಯ ಜಿರಳೆಗೂ ಹೊಡೆಯೋನಲ್ಲ. ಕಾಗದದ ಮೇಲೆ ಹತ್ತಿಸ್ಕೊಂಡು ಹೋಗಿ ಆಚೆ ಬಿಟ್ಟು ಬರ್ತಾನೆ."

"ಇವಳೇ, ನಿನಗೆ ಕೋರ್ಟಿನ ರೀತಿ ಗೊತ್ತಿಲ್ಲ. ನಾವು ಹೊಡೆದ ಅಂತೀವಿ. ಅವರ ಕಡೆಯವರು ಸಂಪೂರ್ಣ ಸುಳ್ಳು ಅಂತಾರೆ. ಎರಡೂ ಸೇರಿ ಸೊನ್ನೆ."

"ಸೊನ್ನೆ ಆಗೋದಾದ್ರೆ ಬರೆಯೋದ್ಯಾಕೆ?"

"ಬರೀದಿದ್ರೆ ನ್ಯಾಯಾಧೀಶರು 'ಇವರಿಬ್ಬರಿಗೂ ಜಗಳವೇ ಇಲ್ಲವಲ್ಲ, ಇನ್ನೊಂದು ವರ್ಷ ಕೂಡಿ ಬಾಳಿ ನೋಡಿ' ಅಂತ ವಾಪಸ್ ಕಳಿಸ್ತಾರೆ. ಅವಳು ಇನ್ನೊಂದು ವರ್ಷ ಆ ಮನೇಲಿ ಗೋಡೆ ಜೊತೆ ಮಾತಾಡ್ಬೇಕಾ?"

ಹೆಂಡತಿ ದಾರವನ್ನು ಹಲ್ಲಿನಿಂದ ಕಡಿದರು. "ಕೂಸು ಕೇಳ್ತಾ ಕೂತಿತ್ತು."

"ಬಣ್ಣ ಹಚ್ತಾ ಕೂತಿತ್ತು."

"ಕೈ ಬಣ್ಣ ಹಚ್ತಿತ್ತು. ಕಿವಿಗೇನು ಕೆಲಸ ಇತ್ತು?"

ಒಕ್ಕಣೆಯವರು ಅರ್ಜಿಯ ಮೂರು ಪ್ರತಿಗಳ ಅಂಚು ಸರಿಯಾಗಿ ಕೂಡಿಸಿ ದಾರ ಪೋಣಿಸಿದರು. ಮರುದಿನ ಮಗಳು ಪ್ರಮಾಣ ಮಾಡಿಸುವ ಅಧಿಕಾರಿಯ ಮುಂದೆ ನಿಂತು, ಇದರಲ್ಲಿ ಬರೆದುದೆಲ್ಲ ನನ್ನ ಅರಿವಿಗೆ ಸತ್ಯವೆಂದು ಹೇಳಿ, ಹತ್ತೂವರೆಯ ಬಸ್ಸು ಹಿಡಿದು ಕೆಲಸಕ್ಕೆ ಹೋದಳು.

ಮೂರು ವಾರ ಕಳೆದ ಮೇಲೆ, ಒಂದು ಶುಕ್ರವಾರ, ಬೆಂಚಿನ ಎದುರಿನ ಮೊಣಕಾಲೆತ್ತರದ ಸ್ಟೂಲಿನ ಮೇಲೆ ಯಾರೋ ಬಂದು ಕುಳಿತರು. ಒಕ್ಕಣೆಯವರು ತಲೆಯೆತ್ತದೆ, "ವಿಷಯ ಹೇಳಿ" ಎಂದರು.

"ಒಂದು ಕಾಗದ ಓದಿಸ್ಕೊಳ್ಬೇಕಿತ್ತು, ಮಾವ."

ಅಳಿಯ ಕೆಲಸದ ಬಟ್ಟೆಯಲ್ಲೇ ಬಂದಿದ್ದ: ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ತುಂಡಿನ ಬೂದು ಉಡುಪು, ಎದೆಯ ಜೇಬಿನಲ್ಲಿ ಟಾರ್ಚು. ಕೈಯಲ್ಲಿ ನ್ಯಾಯಾಲಯದ ನೋಟಿಸು.

"ಓದೋಕೆ ನಿಮಗೇ ಬರತ್ತಲ್ಲ" ಎಂದರು ಒಕ್ಕಣೆಯವರು.

"ಬರತ್ತೆ. ಆದ್ರೆ ಎಲ್ಲರಿಗೂ ನೀವು ಓದಿ ಹೇಳ್ತೀರಂತೆ. ನನಗೂ ಓದಿ."

ಪಕ್ಕದ ಬೆಂಚಿನವನು ಬರೆಯುವುದನ್ನು ನಿಲ್ಲಿಸಿ ಇತ್ತ ತಿರುಗಿದ. ಒಕ್ಕಣೆಯವರು ಕಾಗದ ಬಿಡಿಸಿ ಓದತೊಡಗಿದರು. ಆರನೆಯ ಕಂಡಿಕೆಯವರೆಗೆ ಸ್ವರ ಎಂದಿನಂತಿತ್ತು. ಏಳರಲ್ಲಿ ಅದು ತಗ್ಗಿತು. 'ಬಾಸುಂಡೆ'ಗೆ ಬಂದಾಗ ನಿಂತೇ ಹೋಯಿತು.

"ನಿಲ್ಲಿಸ್ಬೇಡಿ. ಅಲ್ಲಿಂದ ಮುಂದೆ ನಾನು ನಿಮ್ಮ ಮಗಳನ್ನ ಹೊರಗೆ ಹಾಕ್ತೀನಿ."

"ಅಳಿಯಂದಿರೇ, ಇದು ಒಂದು ರೂಢಿ. ನೀವು ಸುಳ್ಳು ಅಂತ ಉತ್ತರ ಹಾಕಿದ್ರೆ ಆಯ್ತು. ಬೇಕಿದ್ರೆ ಉತ್ತರಾನೂ ನಾನೇ..."

"ನನ್ನ ಹತ್ರ ಬೆಲ್ಟೇ ಇಲ್ಲ, ಮಾವ." ಅಳಿಯ ತನ್ನ ಉಡುಪಿನ ಸೊಂಟದ ಭಾಗವನ್ನು ಎರಡು ಬೆರಳಿನಿಂದ ಎತ್ತಿ ತೋರಿಸಿದ. "ಕುಡಿದು ಮೂವತ್ತನೇ ಅಂತಸ್ತಿನ ಲಿಫ್ಟ್ ಗುಂಡಿಗೆ ಇಳಿದ್ರೆ ನಾನು ಮೊದಲನೇ ದಿನವೇ ಸತ್ತಿರ್ತಿದ್ದೆ. ಇದನ್ನ ಅವಳು ಹೇಳಿ ಬರೆಸಿದ್ದಾ?"

ಒಕ್ಕಣೆಯವರು ನೋಟಿಸನ್ನು ಅದರ ಮಡಿಕೆಯಲ್ಲೇ ಮತ್ತೆ ಮಡಚಿದರು. ಇಲ್ಲವೆಂದರೆ ಮಗಳ ಪ್ರಮಾಣ ಸುಳ್ಳಾಗುತ್ತಿತ್ತು. ಹೌದೆಂದರೆ ಮಗಳೇ ಸುಳ್ಳಿಯಾಗುತ್ತಿದ್ದಳು.

ಅಳಿಯ ಆ ಮೌನವನ್ನು ತನಗೆ ತೋಚಿದಂತೆ ಅರ್ಥ ಮಾಡಿಕೊಂಡ. "ಸರಿ. ವಿಚಾರಣೆ ಮುಗಿಯೋವರೆಗೂ ನಾನು ಮಗೂನ ನೋಡ್ಬಾರದು ಅಂತ ಕೊನೇ ಹಾಳೇಲಿ ಆದೇಶ ಇದೆ. ನಾಳೆ ಶನಿವಾರ. ಮರಿ ಕಾಯ್ತಿರ್ತಾಳೆ. ಅವಳಿಗೆ ಏನು ಹೇಳ್ಬೇಕು ಅಂತ ನೀವೇ ಚೆನ್ನಾಗಿ ಬರೀರಿ."

ಆ ರಾತ್ರಿಯ ಊಟಕ್ಕೆ ಒಕ್ಕಣೆಯವರು ಎರಡು ಸಲ ಬಾಯಿ ತೆರೆದು, ಎರಡು ಸಲವೂ ಅನ್ನವನ್ನೇ ಇಟ್ಟುಕೊಂಡರು.

ಶನಿವಾರ ಮರಿ ಎಂಟಕ್ಕೇ ಬೂಟು ಹಾಕಿಕೊಂಡು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹೊಸಿಲ ಬಳಿ ಕುಳಿತಳು. ಒಂಬತ್ತಾಯಿತು, ಹತ್ತಾಯಿತು. ಮೆಟ್ಟಿಲಿನಲ್ಲಿ ಹೆಜ್ಜೆಯ ಸದ್ದಾದಾಗಲೆಲ್ಲ ಎದ್ದು ನಿಂತಳು. ಹನ್ನೊಂದಕ್ಕೆ ಮಗಳು ಗಂಡನಿಗೆ ಫೋನು ಮಾಡಿದಳು. ಆ ಕಡೆಯಿಂದ ಬಂದದ್ದು ಒಂದೇ ಮಾತು, "ನಿಮ್ಮಪ್ಪನ್ನ ಕೇಳು."

ಅವಳು ಕೇಳಲಿಲ್ಲ. ಅಪ್ಪನ ಚೀಲದಿಂದ ಅರ್ಜಿಯ ಪ್ರತಿಯನ್ನು ಎಳೆದುಕೊಂಡು, ಅಡುಗೆಮನೆಯ ಕಿಟಕಿಯ ಬಳಿ ನಿಂತೇ ಓದಿದಳು. ಮಧ್ಯಾಹ್ನ ನಾಲ್ವರೂ ಊಟಕ್ಕೆ ಕುಳಿತಾಗ ಬೇಯಿಸಿದ ಮೊಟ್ಟೆಯ ಬಟ್ಟಲನ್ನು ಅಪ್ಪನ ಕಡೆ ತಳ್ಳಿದಳು.

"ತಿನ್ನಿ ಅಪ್ಪ. ನಿಮ್ಮ ಅಳಿಯ ಕುಡುಕ ಅಂತ ನನಗೆ ಇವತ್ತೇ ಗೊತ್ತಾಗಿದ್ದು."

"ಮಗು ಎದುರಿಗೆ ಬೇಡ."

"ಮಗು ಎದುರಿಗೇ ತಾನೆ ಓದಿದ್ದು? ಅಮ್ಮ ಹೇಳಿದ್ಲು."

"ನಾನು ಓದಿದೆ. ನೀನು ನಿದ್ದೆ ಹೊಡೆದೆ."

"ನಿದ್ದೆ ಮಾಡೋಳ ಕೈಲಿ ಪೆನ್ನು ಕೊಟ್ಟವರು ಯಾರು?"

"ಇಷ್ಟು ವರ್ಷ ಎಷ್ಟು ಜನರಿಗೆ ಬರೆದಿದ್ದೀನಿ. ಯಾರೂ ಬಂದು ಹೀಗೆ ಕೇಳಲಿಲ್ಲ."

"ಅವರ ಗಂಡಂದಿರು ಹೊಡೀತಿದ್ರೇನೋ. ನನ್ನ ಗಂಡ ಹೊಡೆಯಲಿಲ್ಲ. ಬೈಯಲೂ ಇಲ್ಲ. ಬೈದಿದ್ರೆ ನಾನು ಅಲ್ಲೇ ಇರ್ತಿದ್ದೆನೋ ಏನೋ." ಅವಳು ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನಮ್ಮಿಬ್ಬರ ಮಧ್ಯೆ ಉಳಿದಿದ್ದು ಒಂದೇ ಒಂದು ಒಳ್ಳೇ ಮಾತು. ಮರಿ ಇಬ್ಬರಿಗೂ ಸೇರಿದ್ದು ಅನ್ನೋದು. ಅದನ್ನೇ ಕೆಡಿಸಿಟ್ರಿ."

ಮರಿ ಮೊಟ್ಟೆಯ ಬಿಳಿಯನ್ನು ಬೇರೆ, ಹಳದಿಯನ್ನು ಬೇರೆ ಮಾಡಿ ಇಡುತ್ತಿದ್ದಳು. ಅಜ್ಜಿ ಎದ್ದು ಅವಳನ್ನು ಕೈ ತೊಳೆಸಲು ಕರೆದೊಯ್ದರು.

ಸೋಮವಾರ ಅಪ್ಪ ಮಗಳು ಇಬ್ಬರೂ ಕಾನೂನು ನೆರವಿನ ವಕೀಲೆಯ ಎದುರು ಕುಳಿತರು. ಕಡತಗಳ ನಡುವೆ ತಿಂಡಿಯ ಡಬ್ಬಿ ಬಿಚ್ಚಿಟ್ಟಿದ್ದ ಆಕೆ ಅದನ್ನು ಮತ್ತೆ ಮುಚ್ಚಿದಳು.

"ನಾನು ಹೇಳಿದ್ದೆ. ಈಗ ಅದನ್ನ ಆಡಿ ಪ್ರಯೋಜನ ಇಲ್ಲ. ಎದುರಿಗೆ ಎರಡು ದಾರಿ ಇವೆ, ಎರಡೂ ಚೆನ್ನಾಗಿಲ್ಲ. ಏಳನೇ ಕಂಡಿಕೆ ಸುಳ್ಳು ಅಂತ ಒಪ್ಕೊಂಡ್ರೆ, ಪ್ರಮಾಣ ಮಾಡಿ ಸುಳ್ಳು ಹೇಳಿದ ತಾಯಿ ಅಂತ ಆಗತ್ತೆ. ನಿಮ್ಮ ಗಂಡ ಇವತ್ತು ಬೆಳಿಗ್ಗೆಯೇ ಉತ್ತರ ಹಾಕಿದ್ದಾರೆ. ಮಗು ತನಗೇ ಬೇಕು, ಅಕ್ಕನ ಮನೇಲಿ ಇಟ್ಕೊಂಡು ನೋಡ್ಕೊಳ್ತೀನಿ ಅಂತ ಕೇಳಿದ್ದಾರೆ. ನ್ಯಾಯಾಧೀಶರು ಕೊಟ್ಟರೂ ಕೊಟ್ಟಾರು."

"ಒಪ್ಕೊಳ್ದಿದ್ರೆ?" ಎಂದಳು ಮಗಳು.

"ಮುಂದಿನ ತಿಂಗಳು ಕೋರ್ಟಿನ ಸಮಾಲೋಚಕಿ ಮಗೂನ ಕರೆದು ಕೇಳ್ತಾರೆ. ಮಗು ಏನು ಹೇಳತ್ತೋ ಅದು."

ಹೊರಗೆ ಬಂದಾಗ ಒಕ್ಕಣೆಯವರು, "ಮರಿ ಇಲ್ಲ ಅಂತಾಳೆ. ಅಲ್ಲಿಗೆ ಅದು ತಾನಾಗೇ ಬಿದ್ದುಹೋಗತ್ತೆ. ನೀನು ಸುಳ್ಳು ಹೇಳಿದೆ ಅಂತಲೂ ಆಗಲ್ಲ. ಒಂದು ತಿಂಗಳು ತಡ್ಕೋ" ಎಂದರು.

ಮಗಳು ತಡೆದುಕೊಂಡಳು. ಮರಿ ಕೈತಪ್ಪಿ ಹೋದಾಳೆಂಬ ಭಯಕ್ಕೆ ತಡೆದುಕೊಂಡಳು. ಅಪ್ಪನೊಡನೆ ಮಾತು ಬಿಟ್ಟಳು. ಊಟಕ್ಕೆ ಬೇರೆ ಹೊತ್ತು ಮಾಡಿಕೊಂಡಳು. ಅವರು ಏಳಕ್ಕೆ ಉಂಡರೆ ಇವಳು ಎಂಟಕ್ಕೆ. ಹೆಂಡತಿ ಎರಡು ಸಲ ಅನ್ನ ಬಿಸಿಮಾಡುತ್ತ, "ಇದು ಮನೆಯೋ ಛತ್ರವೋ" ಎಂದು ಪಾತ್ರೆಗಳಿಗೆ ಹೇಳಿದರು. ಕೆಲವೇ ದಿನಗಳಲ್ಲಿ ಮರಿ ಇಲ್ಲಿಯೂ ಸುದ್ದಿ ಹೊರತೊಡಗಿದಳು. "ತಾತ, ಅಮ್ಮ ಸೋಪು ತರಬೇಕಂತೆ." "ಅಮ್ಮ, ತಾತ ಸೋಪು ತಂದರಂತೆ."

ಎರಡನೆಯ ಶನಿವಾರವೂ ಅವಳು ಬೂಟು ಹಾಕಿಕೊಂಡಳು. ಮೂರನೆಯ ಶನಿವಾರ ಹಾಕಿಕೊಳ್ಳಲಿಲ್ಲ.

ಆ ದಿನ ಅಜ್ಜಿ ತೊಳೆದು ಕೊಟ್ಟ ತಟ್ಟೆಗಳನ್ನು ಒರೆಸುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು, "ಅಜ್ಜಿ, ಅಪ್ಪ ನನ್ನ ಹೊಡೆದಾಗ ನಾನು ಎಷ್ಟು ದೊಡ್ಡವಳಿದ್ದೆ?"

ಅಜ್ಜಿ ನಲ್ಲಿ ನಿಲ್ಲಿಸಿದರು. "ಹೊಡೆದಿಲ್ಲ ಕಣೇ."

"ಹೊಡೆದಿದ್ದಾರೆ. ಅದಕ್ಕೇ ಬರ್ತಿಲ್ಲ." ಮರಿ ಎಡಗಾಲನ್ನು ಎತ್ತಿ, ಸೊಳ್ಳೆ ಕಚ್ಚಿ ಕೆರೆದುಕೊಂಡ ಒಂದು ಗುರುತು ತೋರಿಸಿದಳು. "ನೋಡು. ಇಲ್ಲಿ."

"ಅದು ಸೊಳ್ಳೆ."

"ಸೊಳ್ಳೆ ಆಮೇಲೆ ಬಂತು."

ಒಕ್ಕಣೆಯವರು ಪಕ್ಕದ ಕೋಣೆಯಲ್ಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಸುಟ್ಟ ವಾಸನೆ ಬಂದಾಗಲೇ ಇಸ್ತ್ರಿಪೆಟ್ಟಿಗೆಯನ್ನು ಎತ್ತಿದ್ದು. ಹೆಂಡತಿ ಬಾಗಿಲಿಗೆ ಬಂದು ನಿಂತರು.

"ಕೇಳಿಸ್ತಾ?"

"ಮಕ್ಕಳು ಏನೇನೋ ಕಟ್ಕೊಳ್ತವೆ."

"ಅವಳು ಕಟ್ಟಿದ್ದಲ್ಲ. ನೀವು ಕಟ್ಟಿದ್ದು." ಅವರು ಸುಟ್ಟ ಅಂಗಿಯನ್ನು ಮೇಜಿನಿಂದ ಎಳೆದುಕೊಂಡರು. "ಕೋರ್ಟಿಗೆ ಹೋದಾಗ ಗೊತ್ತಿಲ್ಲ ಅನ್ನು ಅಂತ ನಾನು ಹೇಳಿಕೊಡ್ತಿದ್ದೀನಿ. ಅದೂ ತಪ್ಪೇ. ಆದ್ರೆ ನನ್ನ ತಪ್ಪಿಗೆ ಒಂದೇ ಪದ. ನಿಮ್ಮದರ ಹಾಗೆ ಅಷ್ಟುದ್ದ ಇಲ್ಲ."

ಸಮಾಲೋಚಕಿಯ ಕೋಣೆ ನ್ಯಾಯಾಲಯದ ಎರಡನೆಯ ಮಹಡಿಯಲ್ಲಿತ್ತು. ಆಕೆ ಮೊದಲು ಮರಿಯೊಬ್ಬಳನ್ನೇ ಒಳಗೆ ಕರೆದು ಮುಕ್ಕಾಲು ತಾಸು ಮಾತಾಡಿದಳು. ಬಳಿಕ ಮರಿಯನ್ನು ಅಜ್ಜಿಯ ಬಳಿ ಕೂರಿಸಿ, ಮಗಳನ್ನೂ ಒಕ್ಕಣೆಯವರನ್ನೂ ಕರೆಸಿದಳು. ನಡುವಯಸ್ಸಿನ ಹೆಂಗಸು, ಒಂದು ಹಾಳೆಯನ್ನು ಮುಂದಿಟ್ಟುಕೊಂಡು ಕೂತಿದ್ದಳು.

"ಅಪ್ಪ ಏನು ಮಾಡಿದ್ರು ಅಂತ ಕೇಳಿದೆ. ಮಗು ಎದ್ದು ನಿಂತ್ಕೊಂಡ್ಲು. ಕೈ ಹಿಂದೆ ಕಟ್ಕೊಂಡ್ಲು. ಶಾಲೇಲಿ ಪದ್ಯ ಒಪ್ಪಿಸ್ತಾರಲ್ಲ, ಹಾಗೆ. ನಾನು ಬರ್ಕೊಂಡಿದ್ದೀನಿ, ಕೇಳಿ. 'ಪ್ರತಿವಾದಿಯು ಮದ್ಯಪಾನದ ಅಮಲಿನಲ್ಲಿ ಸೊಂಟದ ಬೆಲ್ಟನ್ನು ಕಳಚಿ, ಏನೂ ಅರಿಯದ ಕೂಸಿನ ಎಡಗಾಲಿನ ಮೇಲೆ...' ಪೂರ್ತಿ ಹೇಳಿದ್ಲು. ಒಂದು ಪದ ತಪ್ಪಿಲ್ಲ."

ಮಗಳು ಮುಖ ಮುಚ್ಚಿಕೊಂಡಳು.

"ಪ್ರತಿವಾದಿ ಅಂದ್ರೆ ಯಾರು ಅಂತ ಕೇಳಿದೆ. 'ನಮ್ಮಪ್ಪ. ಅದು ಅವರ ಆಫೀಸಿನ ಹೆಸರು' ಅಂದ್ಲು. ಅಮಲು ಅಂದ್ರೆ? 'ಒಂದು ಊರು. ಅಲ್ಲಿಗೆ ನಾವು ಹೋಗಿದ್ವಿ.' ನೋವಾಯ್ತಾ ಅಂದೆ. ತುಂಬ ಹೊತ್ತು ಯೋಚನೆ ಮಾಡಿ ಹೌದು ಅಂದ್ಲು. ಆಮೇಲೆ ಅಳೋಕೆ ಶುರು ಮಾಡಿದ್ಲು. ಆ ಅಳು ಮಾತ್ರ ನಿಜ, ನಾನು ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ." ಆಕೆ ಒಕ್ಕಣೆಯವರ ಕಡೆ ತಿರುಗಿದಳು. "ಹಿರಿಯರೇ, ನನ್ನ ಬೀರುವಿನಲ್ಲಿ ಇನ್ನೂ ಹನ್ನೊಂದು ಕಡತ ಇದೆ. ಹನ್ನೊಂದು ಕೂಸಿಗೂ ಎಡಗಾಲಿಗೇ ಏಟು ಬಿದ್ದಿದೆ. ಬಲಗಾಲಿಗೆ ಹೊಡೆಯೋ ಅಪ್ಪ ಒಬ್ಬನೂ ಇಲ್ವಾ ಈ ಊರಲ್ಲಿ?"

ಒಕ್ಕಣೆಯವರು ಕುರ್ಚಿಯಿಂದ ಎದ್ದರು. ನ್ಯಾಯಾಧೀಶರ ಮುಂದೆ ಸಾಕ್ಷಿಗಳು ಹೇಗೆ ನಿಲ್ಲುವರೋ ಹಾಗೆ ನಿಂತರು.

"ಅದು ನಾನು ಬರೆದದ್ದು. ನನ್ನ ಮಗಳು ಹೇಳಿದ್ದಲ್ಲ. ಅವಳಿಗೆ ಗೊತ್ತೂ ಇರಲಿಲ್ಲ."

"ಸಹಿ ನನ್ನದು" ಎಂದಳು ಮಗಳು. "ಪ್ರಮಾಣ ಮಾಡಿದ್ದೂ ನಾನೇ. ಗೊತ್ತಾದ ಮೇಲೆ ಐದು ವಾರ ಸುಮ್ಮನಿದ್ದದ್ದೂ ನಾನೇ, ಮೇಡಂ. ಅದನ್ನೂ ಬರ್ಕೊಳ್ಳಿ."

"ನಾನು ಬರ್ಕೊಳ್ಳೋದಲ್ಲ, ನೀವು ಬರೆದುಕೊಡೋದು" ಎಂದು ಸಮಾಲೋಚಕಿ ಒಂದು ಖಾಲಿ ಹಾಳೆಯನ್ನು ಮುಂದಕ್ಕೆ ಸರಿಸಿದಳು. "ನಿಮ್ಮ ಮಾತಲ್ಲಿ."

ಹೊರಗಿನ ಮೊಗಸಾಲೆಯಲ್ಲಿ, ಗೋಡೆಗೆ ಒರಗಿದ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಮಗಳ ಬೆರಳುಗಳು ಪೆನ್ನು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಒಕ್ಕಣೆಯವರು ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬರೆದರು: 'ಸದರಿ ಅರ್ಜಿದಾರಳು ಈ ಮೂಲಕ ಸವಿನಯವಾಗಿ...'

"ಹಾಗೆ ಬೇಡ. ಹೊಡೆದು ಹಾಕಿ."

ಅವರು ಹೊಡೆದು ಹಾಕಿದರು. ತಿಂಗಳ ಮೇಲೆ ಅವಳು ಅವರೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

"ನನ್ನ ಗಂಡ ನನಗಾಗಲಿ ಮಗಳಿಗಾಗಲಿ ಯಾವತ್ತೂ ಹೊಡೆದಿಲ್ಲ, ಅಂತ ಬರೀರಿ."

ಅವರು ಬರೆದರು.

"ಅವರು ಕುಡಿಯಲ್ಲ. ನನ್ನನ್ನ ಹೊರಗೆ ಹಾಕಲಿಲ್ಲ. ನಾನೇ ಬಂದೆ. ಅವತ್ತು ನನ್ನ ಪೆಟ್ಟಿಗೆ ಬಸ್ಸಿಗೆ ಹತ್ತಿಸಿದ್ದೂ ಅವರೇ."

ಒಕ್ಕಣೆಯವರ ಪೆನ್ನು ತುಸು ತಡೆದು ಮುಂದೆ ಹೋಯಿತು.

"ನಾವು ಜೊತೇಲಿ ಬಾಳೋಕೆ ಆಗ್ಲಿಲ್ಲ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ನನ್ನ ಹತ್ರ ಇಲ್ಲ."

ಬರೆದು ಮುಗಿದ ಮೇಲೆ ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. ಮಗಳು ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡು, ತಾನೇ ಮನಸ್ಸಿನಲ್ಲಿ ಎರಡು ಸಲ ಓದಿ ಸಹಿ ಹಾಕಿದಳು.

ನ್ಯಾಯಾಧೀಶರು ಆ ಹಾಳೆಯನ್ನು ಓದಿ ಕಡತಕ್ಕೆ ಸೇರಿಸಿದರು. ಮಗಳಿಗೆ ತುಂಬಿದ ಸಭೆಯಲ್ಲಿ ಛೀಮಾರಿಯಾಯಿತು. ಒಕ್ಕಣೆಯವರ ಪರವಾನಗಿಯನ್ನು ಆರು ತಿಂಗಳು ತಡೆಹಿಡಿದರು. ಅವರು ನೀಲಿ ಪುಸ್ತಕವನ್ನು ದಫ್ತರಕ್ಕೆ ಒಪ್ಪಿಸಿ ಬರಿಗೈಯಲ್ಲಿ ಮನೆಗೆ ಬಂದರು. ಮರಿ ಯಾರ ಬಳಿ ಇರಬೇಕೆಂಬುದು ತೀರ್ಮಾನವಾಗದೆ ಮುಂದಕ್ಕೆ ಹೋಯಿತು. ಅಲ್ಲಿಯವರೆಗೆ ತಂದೆ ಪ್ರತಿ ಶನಿವಾರ ನ್ಯಾಯಾಲಯದ ಮಕ್ಕಳ ಕೋಣೆಯಲ್ಲಿ, ಸಮಾಲೋಚಕಿಯ ಸಮ್ಮುಖದಲ್ಲಿ, ಎರಡು ತಾಸು ಅವಳನ್ನು ನೋಡಬಹುದೆಂದಾಯಿತು.

ಮೊದಲ ಶನಿವಾರ ಒಕ್ಕಣೆಯವರೂ ಹೋದರು. ಕೋಣೆಯಲ್ಲಿ ಮೊಣಕಾಲೆತ್ತರದ ಕುರ್ಚಿಗಳು, ಮರದ ಗೊಂಬೆಗಳ ಪೆಟ್ಟಿಗೆ, ಹಿಡಿ ಮುರಿದ ಒಂದು ಆಟದ ಬಂಡಿ ಇದ್ದವು. ಅಳಿಯ ಆ ಪುಟ್ಟ ಕುರ್ಚಿಯೊಂದರಲ್ಲಿ ಮಂಡಿಗಳನ್ನು ಎದೆಯವರೆಗೆ ಮಡಚಿ ಕುಳಿತು ಕಿತ್ತಳೆ ಹಣ್ಣು ಸುಲಿಯುತ್ತಿದ್ದ. ಮರಿ ಒಳಗೆ ಬಂದವಳು ನೇರವಾಗಿ ಸಮಾಲೋಚಕಿಯ ಬೆನ್ನ ಹಿಂದೆ ಹೋಗಿ ನಿಂತಳು. ಎಡಗಾಲನ್ನು ಬಲಗಾಲಿನ ಹಿಂದೆ ಬಚ್ಚಿಟ್ಟಳು.

"ಬಾ ಮರಿ" ಎಂದ ಅಳಿಯ.

ಅವಳು ಬರಲಿಲ್ಲ.

ಅವನು ತೊಳೆಯನ್ನು ಬಿಡಿಸಿ, ನಾರು ತೆಗೆದು, ಅಂಗೈಯಲ್ಲಿ ಇಟ್ಟುಕೊಂಡು ಕೈ ಚಾಚಿದ. ಮರಿ ಆ ಕೈಯನ್ನು ನೋಡಿದಳೇ ಹೊರತು ತೊಳೆಯನ್ನು ನೋಡಲಿಲ್ಲ. ಹೀಗೆ ಹತ್ತು ನಿಮಿಷ ಕಳೆಯಿತು. ಮಗಳು ಬಾಗಿಲಿನ ಹೊರಗೆ, ಒಳಗೆ ಬರಲು ಅಪ್ಪಣೆಯಿಲ್ಲದೆ, ಚೌಕಟ್ಟು ಹಿಡಿದು ನಿಂತಿದ್ದಳು.

ಅಳಿಯ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. "ಮಾವ, ನನ್ನ ಮಾತು ನಂಬಲ್ಲ ಅವಳು. ನೀವೇ ಹೇಳಿ."

ಒಕ್ಕಣೆಯವರು ಗೋಡೆ ಹಿಡಿದು, ನೋಯುವ ಮಂಡಿಗಳನ್ನು ಒಂದೊಂದಾಗಿ ನೆಲಕ್ಕೆ ಊರಿ, ಮೊಮ್ಮಗಳ ಮುಖದ ಎತ್ತರಕ್ಕೆ ಇಳಿದರು.

"ಮರಿ, ನಿಮ್ಮಪ್ಪ ನಿನ್ನ ಹೊಡೆದಿಲ್ಲ."

"ಹೊಡೆದಿದ್ದಾರೆ, ತಾತ. ನನಗೆ ನೆನಪಿದೆ."

"ಇಲ್ಲ ಮರಿ. ಅದು ನಾನು ಬರೆದ ಸುಳ್ಳು."

"ನೀನು ಓದಿದೆಯಲ್ಲ."

"ಸುಳ್ಳನ್ನೇ ಓದಿದೆ. ತಪ್ಪಾಯ್ತು."

ಮರಿ ಹುಬ್ಬು ಗಂಟಿಕ್ಕಿ ಅವರನ್ನು ನೋಡಿದಳು. ತಾತ ತಪ್ಪಾಯಿತೆಂದು ಹೇಳಿದ್ದನ್ನು ಅವಳು ಈ ಮುಂಚೆ ಕೇಳಿರಲಿಲ್ಲ. ಅವಳು ಮೆಲ್ಲಗೆ ಬಗ್ಗಿ ತನ್ನ ಎಡಗಾಲನ್ನು ಮುಟ್ಟಿ ನೋಡಿಕೊಂಡಳು.

"ಅಮಲು ಅನ್ನೋ ಊರು?"

"ಅಂಥ ಊರು ಇಲ್ಲ."

"ಆ ಕಾಗದದಲ್ಲಿ ಇದ್ದದ್ದು ಸುಳ್ಳಾ?"

"ಸುಳ್ಳು."

ಮರಿಯ ಮುಖ ಸಡಿಲವಾಯಿತು. ಸಮಾಲೋಚಕಿಯ ಬೆನ್ನ ಹಿಂದಿನಿಂದ ಅವಳು ಒಂದು ಹೆಜ್ಜೆ ಈಚೆಗೆ ಬಂದಳು, ಇನ್ನೊಂದು ಹೆಜ್ಜೆ ಇಟ್ಟಳು, ಅಪ್ಪನ ಅಂಗೈಯಿಂದ ಕಿತ್ತಳೆಯ ತೊಳೆಯನ್ನು ಎತ್ತಿಕೊಂಡಳು. ಅದನ್ನು ಬಾಯಿಗೆ ಹಾಕಿಕೊಳ್ಳದೆ ತಾತನ ಕಡೆ ತಿರುಗಿದಳು.

"ಹಾಗಾದ್ರೆ ಅಮ್ಮ ಅಪ್ಪ ಬೇರೆ ಬೇರೆ ಮನೇಲಿ ಇರ್ತಾರೆ ಅಂತ ಓದಿದೆಯಲ್ಲ, ಕೊನೇಲಿ. ಅದೂ ಸುಳ್ಳೇ" ಎಂದಳು. ಅವಳು ಕೇಳುತ್ತಿರಲಿಲ್ಲ; ಎಲ್ಲರಿಗೂ ಸುದ್ದಿ ತಿಳಿಸುತ್ತಿದ್ದಳು. "ಅಮ್ಮನ್ನ ಕರಿ, ತಾತ. ಮೂರೂ ಜನ ಮನೆಗೆ ಹೋಗ್ತೀವಿ."

ಒಕ್ಕಣೆಯವರು ನೆಲದ ಮೇಲೆ ಕೈಯೂರಿದರು.

"ಅದೊಂದು ನಿಜ, ಮರಿ."

ಮರಿ ಅಪ್ಪನ ಮುಖ ನೋಡಿದಳು. ಬಾಗಿಲಾಚೆ ನಿಂತ ಅಮ್ಮನ ಮುಖ ನೋಡಿದಳು. ಇಬ್ಬರಲ್ಲಿ ಒಬ್ಬರೂ ಅದು ಸುಳ್ಳೆನ್ನಲಿಲ್ಲ.